ಮೊಗಿಲಿ ಘಾಟಿಯ ಇಳಿತದಲ್ಲಿ ಗೇರು ಮತ್ತು ಬ್ರೇಕು

ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊವನ್ನೂ ಶ್ರೀನಿವಾಸಪುರದ ಮಂಡಿಗಳಲ್ಲಿ ಮಾವಿನ ಹಣ್ಣನ್ನೂ ಹೇರಿಕೊಂಡು ಚೆನ್ನೈ ಕಡೆಗೆ ಹೊರಟ ಲಾರಿಗಳಾಗಲಿ, ಮಾಲೂರಿನಿಂದ ತಿರುಪತಿಗೆ ಹೊರಟ ಸಂಸಾರವಂದಿಗರ ಕಾರುಗಳಾಗಲಿ, ಮುಳಬಾಗಿಲು ನಂಗಲಿಗಳನ್ನು ದಾಟಿ ಪಲಮನೇರಿನಾಚೆಯ ಮೊಗಿಲಿ ಘಾಟಿಯನ್ನು ಇಳಿಯಬೇಕು. ಮುಳಬಾಗಿಲು ಸಮುದ್ರಮಟ್ಟದಿಂದ 800 ಮೀಟರಿಗೂ ಮೇಲಿದೆ. ಚಿತ್ತೂರು 300 ಮೀಟರಿನ ಆಸುಪಾಸಿನಲ್ಲಿದೆ. 15 ಟನ್ ತೂಗುವ ಲಾರಿಯೊಂದು ಈ 500 ಮೀಟರನ್ನು ಇಳಿಯುವಾಗ ಗುರುತ್ವಾಕರ್ಷಣದಿಂದ ಅದಕ್ಕೆ ಒದಗುವ ಶಕ್ತಿಯು 200 ಲೀಟರಿಗೂ ಮಿಕ್ಕ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ಕಾಯಿಸಬಲ್ಲದು. ಗಾಳಿಯೂ ಟೈರುಗಳ ಘರ್ಷಣೆಯೂ ಅದರಲ್ಲೊಂದು ಪಾಲನ್ನು ನುಂಗಿದರೂ ಮಿಕ್ಕದ್ದು ಎಲ್ಲಿಯಾದರೂ ವ್ಯಯವಾಗಲೇಬೇಕು. ಹಾಗಾಗದಿದ್ದರೆ ಅದು ವೇಗವಾಗಿ ಪರಿಣಮಿಸುತ್ತದೆ. ಗಂಟೆಗೆ 30 ಕಿಲೋಮೀಟರಿನ ವೇಗವು 60 ಆದಾಗ ತಡೆಯಬೇಕಾದ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗಿರುತ್ತದೆ.

ಬ್ರೇಕು ವೇಗವನ್ನು ಉಷ್ಣವನ್ನಾಗಿ ಮಾರ್ಪಡಿಸುವ ಸಾಧನ. ಘಾಟಿಯುದ್ದಕ್ಕೂ ಅದನ್ನೇ ತುಳಿಯುತ್ತ ಬಂದರೆ ಚಕ್ರದೊಡನೆ ತಿರುಗುವ ಡ್ರಮ್ಮು ಕಾದು ಹಿಗ್ಗಿ, ಅದನ್ನು ಒತ್ತಿ ಹಿಡಿಯುವ ಲೈನರಿನಿಂದ ದೂರ ಸರಿಯುತ್ತದೆ. ಲೈನರಿನೊಳಗಿನ ಪದಾರ್ಥಗಳನ್ನು ಬೆಸೆದ ಅಂಟು ಬೆಂದು ಅನಿಲವನ್ನು ಕಾರಿ, ಹಿಡಿತ ಕುಂದುತ್ತದೆ. ಅಂಥ ಚಕ್ರವನ್ನು ಗ್ಯಾರೇಜಿನಲ್ಲಿ ಬಿಚ್ಚಿದರೆ ಲೈನರಿನ ಮೈ ಗಾಜಿನಂತೆ ನುಣುಪೇರಿ, ಡ್ರಮ್ಮಿನ ಒಳಮೈಯಲ್ಲಿ ನೀಲಿಗಟ್ಟಿದ ಕಲೆಗಳೂ ಸಣ್ಣ ಬಿರುಕುಗಳೂ ಕಾಣುತ್ತವೆ. ಕಾರಿನಲ್ಲಾದರೆ ಬ್ರೇಕ್ ಆಯಿಲೇ ಕುದಿದು ಆವಿಯ ಗುಳ್ಳೆಗಳೆದ್ದು, ಪೆಡಲು ಕಾಲಿನಡಿಯಲ್ಲಿ ಮೆತ್ತಗೆ ಕುಸಿಯುತ್ತದೆ.

ಗೇರಿನ ಉಪಕಾರವಾದರೋ ಬೇರೆ ಬಗೆಯದು. ಎಕ್ಸಲರೇಟರಿನಿಂದ ಕಾಲೆತ್ತಿದಾಗ ಪೆಟ್ರೋಲ್ ಎಂಜಿನಿನ ಗಾಳಿಯ ದಾರಿ ಮುಚ್ಚಿಕೊಂಡು, ಸಿಲಿಂಡರುಗಳು ಅರೆನಿರ್ವಾತದೆದುರು ಗಾಳಿಯನ್ನೆಳೆಯಲು ಹೆಣಗುತ್ತವೆ. ಆ ಶ್ರಮವನ್ನು ಉರುಳುವ ಚಕ್ರಗಳೇ ಹೊರಬೇಕಾಗುವುದರಿಂದ ಕಾರು ನಿಧಾನಿಸುತ್ತದೆ. ಗೇರು ಇಳಿದಷ್ಟೂ ಚಕ್ರದ ಒಂದೊಂದು ಸುತ್ತಿಗೆ ಎಂಜಿನು ಹೆಚ್ಚು ಸಲ ತಿರುಗಬೇಕಾಗಿ ತಡೆಯೂ ಬಲವಾಗುತ್ತದೆ. ಡೀಸೆಲ್ ಎಂಜಿನಿನಲ್ಲಿ ಗಾಳಿಯ ದಾರಿ ಹಾಗೆ ಮುಚ್ಚುವುದಿಲ್ಲವಾಗಿ ಈ ಗುಣ ಕಡಿಮೆ. ಆದುದರಿಂದಲೇ ದೊಡ್ಡ ಲಾರಿಗಳಲ್ಲಿ ಹೊಗೆ ಹೋಗುವ ಕೊಳವೆಯನ್ನೇ ಅಡ್ಡಗಟ್ಟುವ ಎಕ್ಸಾಸ್ಟ್ ಬ್ರೇಕನ್ನು ಅಳವಡಿಸಿರುತ್ತಾರೆ. ಏರಿದ ಗೇರಿನಲ್ಲೇ ಇಳಿಯಬೇಕೆಂದು ಹಳೆಯ ಚಾಲಕರು ಹೇಳುವ ಮಾತಿನಲ್ಲಿ ಈ ಯಂತ್ರಶಾಸ್ತ್ರವೆಲ್ಲ ಅಡಗಿದೆ. ಆದರೆ ಆ ಗೇರನ್ನು ಇಳಿಜಾರಿನ ನೆತ್ತಿಯಲ್ಲೇ ಹಾಕಿಕೊಳ್ಳಬೇಕು. ತುಂಬಿದ ಲಾರಿ ವೇಗ ಪಡೆದ ಮೇಲೆ ಕೆಳಗಿನ ಗೇರು ಕೂರದೆ, ಮೇಲಿನದೂ ಕೈತಪ್ಪಿ, ಗಾಡಿ ನ್ಯೂಟ್ರಲಿನಲ್ಲಿ ಉಳಿದುಬಿಡುವ ಭಯವುಂಟು.

ಇದನ್ನು ಬಲ್ಲವರೂ ಇಂಧನ ಉಳಿಸುವ ಆಸೆಯಿಂದ ಬೇಕೆಂದೇ ನ್ಯೂಟ್ರಲಿನಲ್ಲಿ ಇಳಿಯುವುದು ನನಗೆ ಬಹಳ ದುಃಖವನ್ನುಂಟುಮಾಡುವ ಸಂಗತಿ. ಎಂಜಿನನ್ನೇ ಆರಿಸಿದರಂತೂ ಲಾರಿಯ ಏರ್ ಬ್ರೇಕಿಗೆ ಗಾಳಿ ತುಂಬುವ ಕಂಪ್ರೆಸರು ನಿಲ್ಲುತ್ತದೆ, ಪೆಡಲನ್ನು ಒತ್ತಿದಷ್ಟು ಸಲವೂ ಟ್ಯಾಂಕು ಬರಿದಾಗುತ್ತ ಹೋಗುತ್ತದೆ. ಉಳಿತಾಯವಾದರೂ ಆಗುವುದೇ? ಇಂದಿನ ವಾಹನಗಳು ಗೇರಿನಲ್ಲಿ ಇಳಿಯುತ್ತಿರುವಾಗ ಎಕ್ಸಲರೇಟರಿನಿಂದ ಕಾಲೆತ್ತಿದರೆ ಇಂಧನದ ಪೂರೈಕೆಯನ್ನೇ ನಿಲ್ಲಿಸುತ್ತವೆ, ಚಕ್ರಗಳೇ ಎಂಜಿನನ್ನು ತಿರುಗಿಸುತ್ತಿರುತ್ತವೆ. ನ್ಯೂಟ್ರಲಿನಲ್ಲಿ ಮಾತ್ರ ಎಂಜಿನು ಆರದಂತೆ ಇಂಧನ ಸುರಿಯುತ್ತಲೇ ಇರಬೇಕು.