ನಿಂತಿದ್ದ ಗಾಡಿ

‘ಆಷಾಢದಲ್ಲಿ ಯಾರಾದ್ರೂ ಗಾಡಿ ತಗೋತಾರೇನೋ?’ ಅಂತ ಅಮ್ಮ ಮೈಸೂರಿನಿಂದ ಗದರಿದಳು. ಆಕ್ಲೆಂಡಿನ ಸ್ಯಾಂಡ್ರಿಂಗಮ್‌ನಲ್ಲಿ ಕೂತವನು ಏನು ಹೇಳಲಿ? ಇಲ್ಲಿ ಆಷಾಢವೆಂದರೆ ನಟ್ಟನಡು ಚಳಿಗಾಲ. ಬಿಟ್ಟು ಬಿಟ್ಟು ಮಳೆ, ಐದೂವರೆಗೆಲ್ಲ ಕತ್ತಲು. ಬೈಕ್ ಮಾರುವವರೇ ಹೆಚ್ಚು, ಕೊಳ್ಳುವವರು ಕಮ್ಮಿ. ಶುಭ ಮುಹೂರ್ತ ಅಂತ ಅಕ್ಟೋಬರಿನವರೆಗೆ ಕಾದರೆ ಅದೇ ಗಾಡಿಗೆ ಹೆಚ್ಚು ದುಡ್ಡು ಎಣಿಸಬೇಕು.

ಫೋನ್ ಇಸಕೊಂಡ ಅಪ್ಪನ ಪ್ರಶ್ನೆ ಒಂದೇ. ‘ಎಷ್ಟು ಓಡಿದೆಯೋ?’

2007ರ ಗಾಡಿ, 31,000 ಕಿಲೋಮೀಟರ್ ಅಂದೆ.

‘ಅಷ್ಟೇನಾ! ಕಣ್ಣು ಮುಚ್ಕೊಂಡು ತಗೋ.’

ಅಪ್ಪನ ಮಾತನ್ನು ತೆಗೆದುಹಾಕುವ ಹಾಗಿಲ್ಲ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕುವ ತನಕ ಮೈಸೂರಿನ ಗಂಡಸರಿಗೆಲ್ಲ ತಾವು ಅರ್ಧ ಮೆಕ್ಯಾನಿಕ್ ಎಂಬ ಧೈರ್ಯವಿತ್ತು. ಅಪ್ಪನೂ ಅಲ್ಲಿ ತಯಾರಾದ ಯೆಜ್ಡಿ ಬೈಕಿನ ಮನುಷ್ಯ. ಕಿಕ್ ಹೊಡೆಯುವ ಸರಳನ್ನೇ ಮಡಚಿ ಗೇರ್ ಹಾಕುವ, ಪೆಟ್ರೋಲಿಗೆ ಆಯಿಲ್ ಬೆರೆಸಿ ಕುಡಿಸುವ ಆ ಗಾಡಿಯಲ್ಲಿ ಓಡಿದ ದೂರವೇ ಆಯಸ್ಸಿನ ಲೆಕ್ಕ. ಆದರೆ ನಾನು ನೋಡಹೋಗಿದ್ದ ಗಾಡಿಯ ಲೆಕ್ಕ ಬೇರೆ. ವರ್ಷಕ್ಕೆ ಎರಡು ಸಾವಿರವೂ ಓಡದ ಟೂರಿಂಗ್ ಬೈಕ್ ಉಳಿದ ದಿನವೆಲ್ಲ ಏನು ಮಾಡುತ್ತಿತ್ತು?

ನಿಂತಿತ್ತು. ನಿಲ್ಲಿಸುವುದಕ್ಕೆ ಈ ದೇಶದಲ್ಲಿ ಒಳ್ಳೆಯ ಕಾರಣವೂ ಇದೆ. ಅಪಘಾತದಲ್ಲಿ ಗಾಯಗೊಂಡವರ ಚಿಕಿತ್ಸೆಯ ಹೊಣೆ ನ್ಯೂಜಿಲೆಂಡಿನಲ್ಲಿ ಎಸಿಸಿ ಎಂಬ ಸರ್ಕಾರಿ ಸಂಸ್ಥೆಯದು. ಅದಕ್ಕೆ ಸಲ್ಲುವ ಲೆವಿಯನ್ನು ಗಾಡಿಯ ಲೈಸೆನ್ಸ್ ಶುಲ್ಕದ ಜತೆಗೇ ಕಟ್ಟಬೇಕು. ಇಲ್ಲಿಯವರ ಬಾಯಲ್ಲಿ ಅದು ‘ರೆಗೊ’. ಬೈಕಿನ ಲೆವಿ ಕಾರಿನದಕ್ಕಿಂತ ಬಹಳ ಜಾಸ್ತಿ, 600 ಸಿಸಿ ದಾಟಿದರೆ ಇನ್ನೂ ಜಾಸ್ತಿ. ಹಾಗಾಗಿ ಚಳಿಗಾಲ ಬಂತೆಂದರೆ ಎಷ್ಟೋ ಜನ ರೆಗೊ ‘ಹೋಲ್ಡ್’ ಮಾಡಿಸಿಬಿಡುತ್ತಾರೆ. ಒಂದು ಸಲಕ್ಕೆ 3ರಿಂದ 12 ತಿಂಗಳ ತನಕ ಬಿಡುವು ಸಿಗುತ್ತದೆ. ದುಡ್ಡು ಉಳಿಯುತ್ತದೆ, ಗಾಡಿ ಗ್ಯಾರೇಜಿನ ಮೂಲೆಯಲ್ಲಿ ಒಣಗುತ್ತದೆ.

ಮಾರುವಾತ ಹಿಂದಿನ ರಾತ್ರಿ ಫೋನ್ ಮಾಡಿದಾಗ ಒಂದೇ ವಿನಂತಿ ಮಾಡಿಕೊಂಡಿದ್ದೆ: ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ. ಬಿಸಿ ಇಂಜಿನ್ ಎಂತಹ ಕಾಯಿಲೆಯನ್ನಾದರೂ ಮುಚ್ಚಿಟ್ಟುಕೊಳ್ಳುತ್ತದೆ. ಬೆಳಿಗ್ಗೆ ಹೋಗಿ ಮೊದಲು ಇಂಜಿನ್ ಮೇಲೆ ಅಂಗೈ ಇಟ್ಟೆ. ತಣ್ಣಗಿತ್ತು. ಪ್ರಾಮಾಣಿಕ ಮನುಷ್ಯ. ಬಟನ್ ಒತ್ತಿದ ತಕ್ಷಣ ಎದ್ದಿತು. ಬ್ಯಾಟರಿಗೆ ಮೀಟರ್ ಹಚ್ಚಿದರೆ ನಿಂತಾಗ 12.6 ವೋಲ್ಟ್, ಇಂಜಿನ್ ಏರಿಸಿದಾಗ 14ರ ಆಸುಪಾಸು. ಚಾರ್ಜಿಂಗ್ ಸರಿ ಇದೆ. ಫ್ರೇಮ್ ನಂಬರ್ ಕಾಗದದ ಜತೆ ತಾಳೆಯಾಯಿತು. ಗಾಡಿಯ ಮೇಲೆ ಸಾಲ ಬಾಕಿ ಇಲ್ಲವೆಂದು ಸರ್ಕಾರಿ ರಿಜಿಸ್ಟರಿನಲ್ಲಿ ಕೆಲವೇ ಡಾಲರ್ ಕೊಟ್ಟು ನೋಡಿಕೊಂಡಿದ್ದೆ.

‘ಹೋದ ವಾರವಷ್ಟೇ ವಾಫ್ ಮಾಡಿಸಿದ್ದೇನೆ’ ಎಂದ ಹೆಮ್ಮೆಯಿಂದ. ವಾಫ್ ಅಂದರೆ ವಾರಂಟ್ ಆಫ್ ಫಿಟ್‌ನೆಸ್. ಗಾಡಿ ಕೈಬದಲಾಗುವಾಗ ಅದು ಒಂದು ತಿಂಗಳಿಗಿಂತ ಹಳತಾಗಿರಬಾರದು. ಆದರೆ ಆ ಚೀಟಿ ನೋಡುವುದು ಬ್ರೇಕು, ಟೈರು, ದೀಪ, ಸ್ಟೀರಿಂಗ್ ಇತ್ಯಾದಿ, ಅದೂ ಆ ಒಂದು ದಿನದ ಮಟ್ಟಿಗೆ. ಇಂಜಿನ್, ಕ್ಲಚ್, ಗೇರ್‌ಬಾಕ್ಸ್ ಅದರ ಕೆಲಸವಲ್ಲ. ಬ್ರೇಕ್ ಪ್ಯಾಡ್ ಇನ್ನೆಷ್ಟು ದಿನ ಬರುತ್ತದೆಂದೂ ಅದು ಹೇಳುವುದಿಲ್ಲ. ಕೊಳ್ಳುವವರು ಇದನ್ನೇ ನೆಚ್ಚಬೇಡಿ ಎಂದು ಸಾರಿಗೆ ಇಲಾಖೆಯೇ ಎಚ್ಚರಿಸುತ್ತದೆ. ನಮ್ಮ ಜನ ಎಲ್ಲಿದ್ದರೂ ಚೀಟಿ ನಂಬುತ್ತಾರೆ, ಅದು ಬೇರೆ ಮಾತು.

ಟೈರಿನ ಗೀರು ಹೊಸದರ ಹಾಗೆ ಆಳವಾಗಿತ್ತು. ಪಕ್ಕದಲ್ಲಿ ಸಣ್ಣ ಚೌಕದೊಳಗೆ ನಾಲ್ಕು ಅಂಕಿ: 3514. ಅಂದರೆ 2014ರ 35ನೇ ವಾರ ಹುಟ್ಟಿದ ಟೈರು. ಉಗುರಿನಿಂದ ಒತ್ತಿದರೆ ಕಲ್ಲು. ಮುಂದಿನ ಬ್ರೇಕ್ ಆಯಿಲ್ ಡಬ್ಬಿಯ ಗಾಜಿನ ಕಿಂಡಿಗೆ ಟಾರ್ಚ್ ಬಿಟ್ಟೆ. ಹೊಸದಾದರೆ ತಿಳಿ ಹಳದಿ ಇರಬೇಕು, ಇದು ಫಿಲ್ಟರಿನ ತಳದ ಡಿಕಾಕ್ಷನ್. ಬ್ರೇಕ್ ಆಯಿಲ್ ಗಾಡಿ ಓಡಲಿ ಬಿಡಲಿ, ಗಾಳಿಯ ತೇವವನ್ನು ಹೀರುತ್ತಲೇ ಇರುತ್ತದೆ. ಡಾಟ್ 4 ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹಿಡಿದ ಮೇಲೆ ಆ ಕನಿಷ್ಠವೇ 155ಕ್ಕೆ ಇಳಿಯುತ್ತದೆ. ಲಗೇಜು, ಹಿಂದೆ ಹೆಂಡತಿ, ಉದ್ದದ ಇಳಿಜಾರು ಮೂರೂ ಸೇರಿದ ದಿನ ಅದು ಕುದಿಯಿತೆಂದರೆ ಲಿವರ್ ಹ್ಯಾಂಡಲ್ಲಿಗೇ ಬಂದು ತಾಕುತ್ತದೆ.

ಇದನ್ನೆಲ್ಲ ತೋರಿಸಿ ಚೌಕಾಸಿ ಮಾಡಿದೆ. ಒಂದು ಜೋಡಿ ಟೈರಿನಷ್ಟು ಬಿಟ್ಟುಕೊಟ್ಟ.

ಇಲ್ಲಿ ಮೆಕ್ಯಾನಿಕ್ ಕೈಗೆ ಕೊಟ್ಟರೆ ಗಂಟೆಗೆ ನೂರು ಡಾಲರಿಗೂ ಮೇಲೆ. ಸ್ಪೇರಿಗೆ ಓಡಲು ಬೆಂಗಳೂರಿನ ಜೆ.ಸಿ. ರಸ್ತೆ ಇಲ್ಲ, ಶಿವಾಜಿನಗರದ ಗುಜರಿ ಇಲ್ಲ. ಸ್ಯಾಂಡ್ರಿಂಗಮ್ ರಸ್ತೆಯಲ್ಲಿ ಕರಿಬೇವು, ಇಡ್ಲಿ ರವೆ ಎಲ್ಲ ಸಿಗುತ್ತದೆ, ಆಯಿಲ್ ಸೀಲ್ ಸಿಗುವುದಿಲ್ಲ. ಹಾಗಾಗಿ ಶನಿವಾರಗಳೆಲ್ಲ ಗ್ಯಾರೇಜಿನಲ್ಲೇ. ಚೈನನ್ನು ಹಿಂದಿನ ಸ್ಪ್ರಾಕೆಟ್ಟಿನಿಂದ ಎಳೆದು ನೋಡಿದರೆ ಸವೆದಿರಲಿಲ್ಲ, ಆದರೆ ಮೂರು ಕೊಂಡಿ ಸೆಟೆದುಕೊಂಡು ಮಡಚುತ್ತಲೇ ಇರಲಿಲ್ಲ. ಹಿಂದಿನ ಬ್ರೇಕ್ ಕ್ಯಾಲಿಪರಿನ ಪಿನ್ನು ಒಣಗಿ ಕಚ್ಚಿಕೊಂಡಿತ್ತು. ಶಾಕ್ ಅಬ್ಸಾರ್ಬರಿನ ಕೆಳಗಿನ ಬೇರಿಂಗಿನಲ್ಲಿ ಗ್ರೀಸ್ ಹೋಗಿ ಕೆಂಪು ಪುಡಿ ಉಳಿದಿತ್ತು. ಮುಂದಿನ ಚಕ್ರವನ್ನು ನೆಲದಿಂದೆತ್ತಿ ಹ್ಯಾಂಡಲ್ ತಿರುಗಿಸಿದರೆ ಕೋನ್‌ಸೆಟ್ ನಡುವಿನಲ್ಲಿ ಎಲ್ಲೂ ಕಚ್ಚಲಿಲ್ಲ. ಅದೊಂದು ಖರ್ಚು ಉಳಿಯಿತು. ಟ್ಯಾಂಕಿಗೆ ಮಾತ್ರ ಮೇಣ ತಿಕ್ಕಿ ತಿಕ್ಕಿ ಮುಖ ನೋಡಿಕೊಳ್ಳುವ ಹಾಗೆ ಇಟ್ಟಿದ್ದ ಪುಣ್ಯಾತ್ಮ!

ನಿಜವಾಗಿ ಕಾಡಿದ್ದು ಮಳೆ. ಇದು ಜಪಾನಿನ 650 ಸಿಸಿ ಗಾಡಿ, ಎರಡು ಸಿಲಿಂಡರು ‘ವಿ’ ಆಕಾರದಲ್ಲಿ. ಬಿಸಿಲಿನಲ್ಲಿ ಚಿನ್ನ. ಮೊದಲ ಜೋರು ಮಳೆಯಲ್ಲಿ ಈಡನ್ ಪಾರ್ಕ್ ದಾಟುವಷ್ಟರಲ್ಲಿ ಮಿಸ್ಸಿಂಗ್ ಶುರು. ಮನೆ ಸೇರುವಾಗ ಒಂದೇ ಸಿಲಿಂಡರಿನಲ್ಲಿ ಕುಂಟುತ್ತಿತ್ತು. ಮಾರನೆಯ ದಿನ ಒಣಗಿದ ಮೇಲೆ ಏನೂ ಆಗದವರ ಹಾಗೆ ಮತ್ತೆ ಸರಿ.

ರೇಡಿಯೇಟರ್ ಬಿಚ್ಚಿ ಮುಂದಕ್ಕೆ ವಾಲಿಸಿ ಮುಂದಿನ ಸಿಲಿಂಡರಿನ ಪ್ಲಗ್ ಕ್ಯಾಪ್ ಎಳೆದೆ. ಪ್ಲಗ್ ಕೂರುವ ಗುಳಿಯಲ್ಲಿ ಕಂದು ನೀರು ನಿಂತಿತ್ತು, ಪುಟ್ಟ ಬಾವಿ. ಮುಂದಿನ ಚಕ್ರ ಎರಚುವ ನೀರು ನೇರವಾಗಿ ಇಲ್ಲಿಗೇ ಬಡಿಯುತ್ತದೆ. ಅದು ಹರಿದುಹೋಗಲೆಂದೇ ಸಿಲಿಂಡರಿನ ಪಕ್ಕದಲ್ಲಿ ಒಂದು ತೂತು ಕೊರೆದಿರುತ್ತಾರೆ. ಹುಡುಕಿದರೆ ಕಾಣಲಿಲ್ಲ, ಮಣ್ಣು ತುಂಬಿ ಲೋಹದ ಬಣ್ಣಕ್ಕೇ ತಿರುಗಿತ್ತು. ಸೈಕಲ್ಲಿನ ಹಳೇ ಬ್ರೇಕ್ ಕೇಬಲ್ಲಿನ ಒಂದು ಎಳೆ ಬಿಡಿಸಿ ಚುಚ್ಚಿದೆ. ಮೊದಲು ಒಣಮಣ್ಣು ಉದುರಿತು, ಆಮೇಲೆ ತೊಟ್ಟು ತೊಟ್ಟಾಗಿ ನೀರು, ಕೊನೆಗೆ ಒಂದು ಸತ್ತ ಜೇಡ. ಓಡುತ್ತಿದ್ದ ಗಾಡಿಯಲ್ಲಿ ಜೇಡ ಮನೆ ಮಾಡುವುದಿಲ್ಲ.

ಈ ದೇಶದವರು ಗ್ಯಾರೇಜಿನ ಕೆಲಸವನ್ನು ತಪಸ್ಸಿನ ಹಾಗೆ ಮಾಡುತ್ತಾರೆ. ಇನ್ವರ್‌ಕಾರ್ಗಿಲ್‌ನ ಬರ್ಟ್ ಮನ್ರೊ 1920ರ ಬೈಕೊಂದಕ್ಕೆ ಪಿಸ್ಟನ್‌ಗಳನ್ನು ಶೆಡ್ಡಿನಲ್ಲೇ ಎರಕ ಹೊಯ್ದು, 1967ರಲ್ಲಿ ಅಮೆರಿಕದ ಉಪ್ಪುಬಯಲಿನಲ್ಲಿ ವಿಶ್ವದಾಖಲೆ ಮಾಡಿದ. ಆ ಬೈಕಿನ ಹೆಸರು ‘ಇಂಡಿಯನ್’. ಅಮೆರಿಕದ ಕಂಪನಿ, ನಮಗೂ ಅದಕ್ಕೂ ಸಂಬಂಧವಿಲ್ಲ. ಆದರೂ ಪಕ್ಕದ ಮನೆಯಾತ ಎಣ್ಣೆ ಮೆತ್ತಿದ ನನ್ನ ಕೈ ನೋಡಿ ಆ ಹೆಸರಿನ ಮೇಲೇ ಒಂದು ಜೋಕ್ ಹೇಳಿಹೋದ.

ಶ್ರಾವಣ ಬರುವಷ್ಟರಲ್ಲಿ ಹೊಸ ಟೈರು, ಹೊಸ ಬ್ರೇಕ್ ಆಯಿಲ್, ಹೊಸ ಚೈನು ಬಿದ್ದಿದ್ದವು. ಒಂದು ಭಾನುವಾರ ಬೇಕಂತಲೇ ಮಳೆಯಲ್ಲಿ ಹೊರಟೆ. ಟಿಟಿರಂಗಿ ಹತ್ತಿ, ವೈಟಾಕೆರೆ ಗುಡ್ಡದ ಕಾಡು ಹಾದು, ಪಿಹಾ ಕಡಲಿಗೆ ಇಳಿಯುವ ತಿರುವುಗಳಲ್ಲಿ ಕಿವಿಯೆಲ್ಲ ಮುಂದಿನ ಸಿಲಿಂಡರಿನ ಮೇಲೆ. ಎರಡೂ ಒಂದೇ ತಾಳದಲ್ಲಿ ಬಡಿಯುತ್ತಿದ್ದವು. ಕಪ್ಪು ಮರಳಿನ ದಂಡೆಯಲ್ಲಿ ನಿಲ್ಲಿಸಿ, ಮಂಡಿಯೂರಿ ಆ ತೂತನ್ನು ನೋಡಿದೆ. ಸಣ್ಣಗೆ ನೀರು ತೊಟ್ಟಿಕ್ಕುತ್ತಿತ್ತು.

ರಾತ್ರಿ ಅಪ್ಪನಿಗೆ ಎಲ್ಲ ಹೇಳಿ, ‘ನಮ್ಮ ಯೆಜ್ಡಿ ನಿಂತು ಎಷ್ಟು ವರ್ಷ ಆಯ್ತಪ್ಪ?’ ಅಂದೆ.

ಅತ್ತಲಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

‘ಟಾರ್ಪಾಲು ಹೊದಿಸಿದ್ದೀನಲ್ಲೋ’ ಅಂದರು.