ಪಡಸಾಲೆಯ ಪುನರ್ದರ್ಶನ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಹಳೆಯ ಮನೆಗಳಲ್ಲಿ ಬಾಳಿದವರಿಗೆ ಅಂಕಣವೆಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾಲ್ಕು ಕಂಬಗಳ ನಡುವಣ ಅವಕಾಶವೇ ಅಂಕಣ. ಮನೆತನದ ಅಂತಸ್ತನ್ನು ಚದರಡಿಗಳಿಂದಲ್ಲ, ಅಂಕಣಗಳಿಂದ ಅಳೆಯುತ್ತಿದ್ದ ಕಾಲವದು. ಕಂಬದ ಮೇಲೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಎಲ್ಲಕ್ಕೂ ಮೇಲೆ ಮಣ್ಣಿನ ಮಾಳಿಗೆ, ನಡುವೆ ಬೆಳಕಿಂಡಿ, ಕೆಳಗೆ ಶಹಾಬಾದಿ ಹಾಸುಗಲ್ಲು. ಶಹಾಪುರದ ಸಮೀಪದಲ್ಲಿದ್ದ ನಮ್ಮ ಮನೆಯೂ ಇಂಥದೇ ಆರಂಕಣದ ಮನೆ. ೧೯೯೪ರಲ್ಲಿ ಅದನ್ನು ಕೆಡವಿದೆವು. ಸಾಗುವಾನಿ ಕಂಬಗಳನ್ನೂ ತೊಲೆಗಳನ್ನೂ ಹಳೆಯ ಕಟ್ಟಿಗೆಯ ವ್ಯಾಪಾರಿಗೆ ಮಾರಿದ ಚೀಟಿಗೆ ರುಜು ಹಾಕಿದವನು ನಾನೇ. ಮಠದಲ್ಲಿ ವ್ಯಾಕರಣವನ್ನೂ ಶಾಸ್ತ್ರವನ್ನೂ ಓದಿಕೊಂಡು ಬಂದವನಿಗೆ ಮನೆಯ ಒಂದು ಅಳತೆಯನ್ನಾದರೂ ಬರೆದಿಡಬೇಕೆಂದು ಅಂದು ಹೊಳೆಯಲಿಲ್ಲ.

ಉಳಿದದ್ದು ಒಂದು ಕಪ್ಪು ಬಿಳುಪಿನ ಛಾಯಾಚಿತ್ರ, ಒಂದು ಬಾಗಿಲ ಚೌಕಟ್ಟು. ಛಾಯಾಚಿತ್ರವು ೧೯೭೧ರಲ್ಲಿ ನನ್ನ ಅಕ್ಕನ ಲಗ್ನದ ದಿನ ತೆಗೆದದ್ದು. ಬಸವ ಜಯಂತಿ ಕಳೆದು ಒಂದು ವಾರವಾಗಿತ್ತು. ಚೌಕಟ್ಟು ಮಾತ್ರ ದನದ ಕೊಟ್ಟಿಗೆಯ ಗೋಡೆಗೆ ಒರಗಿಕೊಂಡು ಉಳಿದಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ನನ್ನ ಅಣ್ಣನ ಮೊಮ್ಮಗನು ಕಳೆದ ಬೇಸಿಗೆಯಲ್ಲಿ ಊರಿಗೆ ಬಂದಾಗ ಇವೆರಡನ್ನೂ ಕಂಡು, "ಅಜ್ಜಾ, ಇಷ್ಟಿದ್ದರೆ ಪಡಸಾಲೆಯನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಬಹುದು" ಎಂದನು. ನನಗೆ ನಂಬಿಕೆ ಹುಟ್ಟಲಿಲ್ಲ.

ಆತನು ಮೊದಲು ಮಾಡಿದ ಕೆಲಸವು ರೇಖಾಗಣಿತದ್ದು. ಚಿತ್ರದಲ್ಲಿ ದೂರಕ್ಕೆ ಸಾಗುವ ಜಂತಿಗಳ ಗೆರೆಗಳನ್ನೂ ಹಾಸುಗಲ್ಲುಗಳ ಸಂದುಗಳನ್ನೂ ಮುಂದಕ್ಕೆ ಎಳೆದಾಗ ಅವೆಲ್ಲವೂ ಒಂದೇ ಬಿಂದುವಿನಲ್ಲಿ ಕೂಡುತ್ತವೆ. ಆ ಬಿಂದುವಿನ ಮೂಲಕ ಅಡ್ಡಲಾಗಿ ಎಳೆದ ಗೆರೆಯೇ ಕಣ್ಮಟ್ಟದ ಗೆರೆ. ಸಮತಟ್ಟಾದ ನೆಲದ ಮೇಲೆ ನಿಂತಿರುವ ಯಾವ ವಸ್ತುವನ್ನೇ ಆಗಲಿ, ಹತ್ತಿರದ್ದಿರಲಿ ದೂರದ್ದಿರಲಿ, ಈ ಗೆರೆಯು ಕ್ಯಾಮರಾ ಇದ್ದ ಎತ್ತರದಲ್ಲಿಯೇ ಕತ್ತರಿಸುತ್ತದೆ. ನಮ್ಮ ಚೌಕಟ್ಟಿನ ಎತ್ತರವನ್ನು ಟೇಪು ಹಿಡಿದು ಅಳೆದಾಗ ೫ ಅಡಿ ೪ ಅಂಗುಲ ಬಂದಿತು. ಚಿತ್ರದಲ್ಲಿ ಗೆರೆಯು ಅದನ್ನು ಮುಕ್ಕಾಲು ಪಾಲಿಗೆ ಕತ್ತರಿಸಿತ್ತು. ಅಂದರೆ ಕ್ಯಾಮರಾ ನೆಲದಿಂದ ನಾಲ್ಕಡಿ ಎತ್ತರದಲ್ಲಿತ್ತು. ಆಗ ನನಗೆ ನೆನಪಾಯಿತು: ಲಗ್ನಕ್ಕೆ ಬಂದ ಛಾಯಾಚಿತ್ರಗಾರನು ಪೆಟ್ಟಿಗೆಯಂಥ ಕ್ಯಾಮರಾವನ್ನು ಎದೆಯ ಮಟ್ಟಕ್ಕೆ ಹಿಡಿದು, ತಲೆ ಬಗ್ಗಿಸಿ ಮೇಲಿನಿಂದ ನೋಡುತ್ತಿದ್ದನು! ಮರೆತುಹೋದ ಒಬ್ಬ ಮನುಷ್ಯನ ನಿಲುವನ್ನು ಗಣಿತವು ಹೇಳಿಕೊಟ್ಟಿತು. ಅದೇ ನಾಲ್ಕಡಿಯನ್ನು ಹಿಡಿದು ಕಂಬದ ಎತ್ತರವನ್ನು ಲೆಕ್ಕ ಹಾಕಿದಾಗ ಏಳಡಿ ಎರಡಂಗುಲಕ್ಕೆ ತುಸು ಮೇಲಾಯಿತು.

ಅಳತೆ ಮಾಡಿಡುವ ಪದ್ಧತಿಯು ನಮ್ಮ ಸೀಮೆಗೆ ಹೊಸದಲ್ಲ. ಸುರಪುರದಲ್ಲಿ ೧೮೪೧ರಿಂದ ೧೮೫೩ರವರೆಗೆ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಇಲ್ಲಿನ ಪ್ರಾಚೀನ ಕಲ್ಲುಗೋರಿಗಳನ್ನು ಅಳೆದು ಚಿತ್ರ ಬರೆದಿಟ್ಟನು. ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತು ೧೮೬೬ರಲ್ಲಿ ಲಂಡನ್ನಿನಲ್ಲಿ ಹೊರಬಂದ ಛಾಯಾಚಿತ್ರ ಸಂಪುಟಕ್ಕೆ ಇತಿಹಾಸದ ಭಾಗವನ್ನು ಬರೆದವನೂ ಆತನೇ. ಗುಡಿಗೋಪುರಗಳಿಗೆ ಆ ಭಾಗ್ಯವಿತ್ತು. ಒಕ್ಕಲುಮನೆಗಳ ಪಡಸಾಲೆಗಳಿಗೆ ಇರಲಿಲ್ಲ. ಕಟ್ಟಿಗೆಯಂತೂ ಕಲ್ಲಿನಂತೆ ಕಾದು ಕುಳಿತಿರುವುದಿಲ್ಲ. ೧೮೯೭ರಲ್ಲಿ ರಾಜಕುಮಾರಿಯ ವಿವಾಹದ ಸಂದರ್ಭದಲ್ಲಿ ಬೆಂಕಿ ಬಿದ್ದು ಮೈಸೂರಿನ ಮರದ ಅರಮನೆಯೇ ಸುಟ್ಟುಹೋಯಿತು. ಇಂದು ನಾವು ನೋಡುವುದು ೧೯೧೨ರಲ್ಲಿ ಮುಗಿದ ಹೊಸ ಅರಮನೆಯನ್ನು. ಹಂಪಿಯನ್ನು ಕಂಪ್ಯೂಟರಿನಲ್ಲಿ ಮೂಡಿಸುವ ದೊಡ್ಡ ಯೋಜನೆಯೊಂದನ್ನು ಕೇಂದ್ರ ಸರಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆಯು ೨೦೧೦ರ ದಶಕದಲ್ಲಿ ನಡೆಸಿತು, ಹುಬ್ಬಳ್ಳಿಯ ಬಿ.ವಿ. ಭೂಮರಡ್ಡಿ ತಾಂತ್ರಿಕ ಮಹಾವಿದ್ಯಾಲಯದವರೂ ಅದರಲ್ಲಿ ಪಾಲುಗೊಂಡಿದ್ದರೆಂಬುದು ನಮಗೆ ಸಂತೋಷದ ಸಂಗತಿ. ನಮ್ಮ ಹುಡುಗನ ಬಳಿ ಇಲಾಖೆಯೂ ಇರಲಿಲ್ಲ, ಅನುದಾನವೂ ಇರಲಿಲ್ಲ. ಬ್ಲೆಂಡರ್ ಎಂಬ ತಂತ್ರಾಂಶವು ೨೦೦೨ರಿಂದ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತಿದೆ. ಅದೊಂದೇ ಆತನ ಉಳಿ, ಬಾಚಿ.

ಕಂಬ ತೊಲೆಗಳನ್ನು ನಿಲ್ಲಿಸುವುದು ನಾಲ್ಕು ದಿನದ ಕೆಲಸವಾಯಿತು. ಕಷ್ಟವಿದ್ದದ್ದು ಬೆಳಕಿನಲ್ಲಿ. ಬೆಳಕಿಂಡಿಯು ಚಿತ್ರದೊಳಗೆ ಕಾಣುವುದಿಲ್ಲ. ನೆಲದ ಮೇಲೆ ಬಿದ್ದ ಬಿಸಿಲಿನ ಚೌಕ ಕಾಣುತ್ತದೆ. ಶಹಾಪುರವು ಉತ್ತರ ಅಕ್ಷಾಂಶ ೧೬.೭ ಡಿಗ್ರಿಯಲ್ಲಿರುವುದರಿಂದ ಮೇ ತಿಂಗಳ ಮೊದಲ ವಾರ ಮುಗಿಯುವ ಹೊತ್ತಿಗೆ ನಡುಹಗಲ ಸೂರ್ಯನು ನೇರ ನೆತ್ತಿಯ ಮೇಲೆ ಬರುತ್ತಾನೆ. ಲಗ್ನದ ಮಧ್ಯಾಹ್ನ ತೆಗೆದ ಚಿತ್ರವಾದುದರಿಂದ ಬಿಸಿಲಿನ ಚೌಕದ ಮೇಲೆಯೇ ಬೆಳಕಿಂಡಿ ಇದ್ದಿರಬೇಕು. ಆದರೆ ಪಡಸಾಲೆಯನ್ನು ಬೆಳಗುವುದು ಆ ಒಂದು ಚೌಕವಲ್ಲ. ಅದು ಹಾಸುಗಲ್ಲಿಗೆ ಬಡಿದು ಚಿಮ್ಮಿ ಜಂತಿಗಳ ಹೊಟ್ಟೆಯನ್ನು ಸೇರಿ, ಅಲ್ಲಿಂದ ಗೋಡೆಗೆ ಇಳಿದು, ಮೂಲೆಮೂಲೆಗೂ ಸುಳಿಯುವ ಬೆಳಕು. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು ೧೯೮೪ರಲ್ಲಿ ಬಣ್ಣದ ಗೋಡೆಗಳ ಒಂದು ಪೆಟ್ಟಿಗೆಯನ್ನು ಕಟ್ಟಿ, ಕೆಂಪು ಗೋಡೆಯ ಬಣ್ಣವು ಬಿಳಿಯ ಗೋಡೆಗೆ ಹೇಗೆ ಸೋರುತ್ತದೆಂಬುದನ್ನು ಲೆಕ್ಕದಿಂದ ಸಾಧಿಸಿ ತೋರಿಸಿದರು. ೧೯೮೬ರಲ್ಲಿ ಜೇಮ್ಸ್ ಕಜಿಯ ಎಂಬ ವಿದ್ವಾಂಸನು ಬೆಳಕಿನ ಈ ಎಲ್ಲ ಓಡಾಟವನ್ನು ಒಂದೇ ಸಮೀಕರಣಕ್ಕೆ ಅಳವಡಿಸಿದನು. ಆ ಸಮೀಕರಣವನ್ನು ಬಿಡಿಸುತ್ತ ಹುಡುಗನ ಯಂತ್ರವು ಒಂದು ಇಡೀ ರಾತ್ರಿ ದುಡಿಯಿತು.

ಕಟ್ಟಿಗೆಯ ಬಣ್ಣ, ಎಳೆಗಳದ್ದು ಇನ್ನೊಂದು ಕಥೆ. ಮರದ ಸುತ್ತುಗಳು ಒಂದರೊಳಗೊಂದು ಕೊಳವೆಗಳು. ಅವುಗಳ ವೃತ್ತವನ್ನು ಕೊಂಚ ಕೊಂಚ ಕೆಡಿಸಿದರೆ ನಿಜವಾದ ಮರದಂತೆ ತೋರುತ್ತದೆ. ಹೀಗೆ ಲೆಕ್ಕವಿಟ್ಟು ಕೆಡಿಸುವ ಉಪಾಯವನ್ನು ೧೯೮೫ರಲ್ಲಿ ಪ್ರಕಟಿಸಿದ ಕೆನ್ ಪರ್ಲಿನ್‌ಗೆ ೧೯೯೭ರಲ್ಲಿ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿ ಬಂದಿತು. ಹೊಳಪು ಕೊಟ್ಟ ಕಟ್ಟಿಗೆಯಲ್ಲಿ ಮಿಂಚು ಬರುವುದು ಮೇಲ್ಮೈಯಿಂದ ಮಾತ್ರವಲ್ಲ; ಕೆಳಗಿನ ನಾರುಗಳ ದಿಕ್ಕಿಗೆ ಅನುಸಾರವಾಗಿ, ನೋಡುವವನು ಸರಿದಂತೆ ಅದೂ ಸರಿಯುತ್ತದೆ. ಇದನ್ನು ೨೦೦೫ರಲ್ಲಿ ಸ್ಟೀವ್ ಮಾರ್ಷ್ನರ್ ಮತ್ತು ಸಂಗಡಿಗರು ಅಳತೆ ಮಾಡಿ ತೋರಿಸಿದರಂತೆ. ನಮ್ಮ ಬಡಿಗರು ಇದನ್ನು ಎಂದೋ ಅರಿತಿದ್ದರು. ಕಂಬಕ್ಕೆ ಯಾವ ಮಗ್ಗುಲು ಬೆಳಕಿನ ಕಡೆಗೆ ಬರಬೇಕೆಂದು ತಿರುತಿರುಗಿಸಿ ನೋಡುತ್ತಿದ್ದುದನ್ನು ನಾನೇ ಕಂಡಿದ್ದೇನೆ.

ಬೆಳಗಾದ ಮೇಲೆ ಚಿತ್ರವನ್ನು ಅಕ್ಕನ ಮುಂದೆ ಇಟ್ಟೆವು. ಅಕ್ಕ ಬಹಳ ಹೊತ್ತು ನೋಡಿದಳು. "ಚಂದ ಅದ. ಸಾಹುಕಾರ್ರ ಹೊಸ ಮನಿ ಇದ್ದಂಗದ. ನಮ್ಮನಿ ಅಲ್ಲ ಇದು" ಎಂದಳು.

ಹುಡುಗನ ಮುಖ ಸಪ್ಪಗಾಯಿತು. ಅಕ್ಕನ ಮಾತು ನಿಜವಾಗಿತ್ತು. ಅಂಚುಗಳೆಲ್ಲ ಕತ್ತಿಯಂತೆ ಚೂಪಾಗಿದ್ದವು. ಆರೂ ಕಂಬಗಳು ಅವಳಿಜವಳಿಗಳಂತಿದ್ದವು. ಅಕ್ಕ ಒಂದೊಂದಾಗಿ ಹೇಳತೊಡಗಿದಳು. ಮೂರನೆಯ ಕಂಬದಲ್ಲಿ ಅವ್ವ ಬೆನ್ನು ಕೊಟ್ಟು ಕುಳಿತು ಕಾಳು ಹಸನು ಮಾಡುತ್ತಿದ್ದ ಎಡೆ ನುಣುಪಾಗಿ ಕಪ್ಪಾಗಿತ್ತು. ದೇವರ ಗೂಡಿನ ಮೇಲಿನ ಜಂತಿಗೆ ಪಣತಿಯ ಮಸಿ ಹಿಡಿದಿತ್ತು. ಕಂಬಗಳ ಬುಡಕ್ಕೆ ವರ್ಷವರ್ಷವೂ ಸುಣ್ಣ ಸಿಡಿದು ಬಿಳಿಯ ಚುಕ್ಕೆಗಳಾಗಿದ್ದವು. ತೊಟ್ಟಿಲ ಕೊಂಡಿಗಳು ಕುಳಿತಲ್ಲಿ ತೊಲೆ ಸವೆದಿತ್ತು. ನಾವು ಐವರೂ ಅದೇ ತೊಟ್ಟಿಲಲ್ಲಿ ತೂಗಿಸಿಕೊಂಡವರು. ಛಾಯಾಚಿತ್ರವನ್ನು ಭೂತಗನ್ನಡಿಯಿಂದ ಮತ್ತೆ ನೋಡಿದಾಗ ಇವುಗಳಲ್ಲಿ ಎರಡು ಅದರಲ್ಲಿಯೂ ಇದ್ದವು. ಅಲ್ಲಿಯವರೆಗೆ ನಾವು ಅವನ್ನು ಹಳೆಯ ಕಾಗದದ ಕಲೆಗಳೆಂದೇ ಎಣಿಸಿದ್ದೆವು.

ಹುಡುಗನು ಮತ್ತೆ ಕುಳಿತು ಅಂಚುಗಳನ್ನು ಸವೆಸಿದನು, ಒಂದು ಕಂಬವನ್ನು ಬೆರಳಗಲ ವಾಲಿಸಿದನು, ಮಸಿ ಹಚ್ಚಿದನು. ಎರಡನೆಯ ಚಿತ್ರವನ್ನು ಕಂಡಾಗ ಅಕ್ಕ ಏನೂ ಹೇಳಲಿಲ್ಲ. ಮೂರನೆಯ ಕಂಬದ ಮೇಲೆ ಬೆರಳಿಟ್ಟಳು. ಅನಂತರ ಅಡುಗೆಮನೆಯ ಬಾಗಿಲು ಎಲ್ಲಿ ಎಂದು ಕೇಳಿದಳು. ಅದು ಛಾಯಾಚಿತ್ರಗಾರನ ಬೆನ್ನ ಹಿಂದಿತ್ತು, ಚಿತ್ರದಲ್ಲಿ ಬಂದಿಲ್ಲ ಎಂದು ಹುಡುಗ ವಿವರಿಸಿದನು.

"ಹಂಗಾದ್ರ ನಾ ಹೇಳ್ತೀನಿ, ಬರ್ಕೋ" ಎಂದಳು ಅಕ್ಕ. ಆತನು ಕಾಗದ ತೆಗೆದುಕೊಂಡನು. ನಾನು ಟೇಪು ಹಿಡಿದುಕೊಂಡು ಪಕ್ಕದ ಓಣಿಯ ಮನೆಗೆ ಹೊರಟೆ. ಶ್ರಾವಣ ಮುಗಿದ ಮೇಲೆ ಅದನ್ನು ಕೆಡವುವವರಿದ್ದರು, ಅದರ ಒಂಬತ್ತು ಅಂಕಣಗಳೂ ಇನ್ನೂ ನಿಂತಿದ್ದವು.