ಬೇಸಿಗೆ ಓದಿಗೆ ಫೀಸು ಬೇಕೆ?

ರಜೆಯಲ್ಲಿ ಮಕ್ಕಳನ್ನು ಫೀಸು ಕಟ್ಟಿ ಓದಿನ ಶಿಬಿರಕ್ಕೆ ಸೇರಿಸಿದರೆ ಲಾಭವಿದೆಯೇ?

ಮಗು ಆಗಲೇ ತಡವರಿಸದೆ ಓದುತ್ತಿದ್ದರೆ ಬೇಡ. ಸೈಕಲ್ ಕಲಿಯುವಾಗ ಸೀಟು ಹಿಡಿದು ಹಿಂದೆ ಓಡುವವರು ಬೇಕು. ಬ್ಯಾಲೆನ್ಸ್ ಬಂದಮೇಲೆ ಸೈಕಲ್ಲು, ಖಾಲಿ ರಸ್ತೆ ಸಾಕು. ಓದೂ ಹಾಗೆಯೇ: ಕಂಡ ಪದವೇ ಮತ್ತೆ ಮತ್ತೆ ಸಿಕ್ಕಾಗ ಕಣ್ಣು ಅಕ್ಷರ ಕೂಡಿಸುವುದನ್ನು ಬಿಟ್ಟು ಇಡೀ ಪದವನ್ನು ಹಿಡಿಯುತ್ತದೆ, ಮನಸ್ಸು ಅರ್ಥದ ಕಡೆ ತಿರುಗುತ್ತದೆ. ಅಮೆರಿಕದ ಫ್ಲಾರಿಡಾದಲ್ಲಿ ಓದಿನ ಸಂಶೋಧಕ ರಿಚರ್ಡ್ ಆಲಿಂಗ್ಟನ್ ತಂಡ 852 ಮಕ್ಕಳಿಗೆ ಮೂರು ಬೇಸಿಗೆ, ವರ್ಷಕ್ಕೆ 12ರಂತೆ, ಅವರೇ ಆರಿಸಿದ ಪುಸ್ತಕ ಕೊಟ್ಟಿತು. ಪುಸ್ತಕ ಸಿಗದವರಿಗಿಂತ ಅವರ ಓದು ಸುಧಾರಿಸಿತ್ತು. ಕೊಟ್ಟರೂ ಮುಟ್ಟದ ಮಕ್ಕಳಿದ್ದಾರಲ್ಲ ಎನ್ನಬಹುದು. ನಿಜ, ಆದರೆ ತಾನೇ ಆರಿಸಿದ್ದನ್ನು (ಕಾಮಿಕ್ಸೇ ಆಗಲಿ) ಮಗು ಸುಲಭಕ್ಕೆ ಮೂಲೆಗೆಸೆಯುವುದಿಲ್ಲ. ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡುವ ಮಗುವಿಗೆ ಮಾತ್ರ ಪಕ್ಕದಲ್ಲಿ ಕೂತು ತಿದ್ದುವವರು ಬೇಕು. ಹಣ ಕೊಡುವುದಾದರೆ ಅವರಿಗೆ ಕೊಡಿ, ಅದೂ ಗುಂಪಿನಲ್ಲಿ ಐದಾರು ಮಕ್ಕಳಷ್ಟೇ ಇದ್ದರೆ.